ಎರಡು ಹವಳಗುಲಾಬಿಗಳಲ್ಲಿ ಯಾವುದು? ಮೊದಲು ಒಂದನ್ನು ಬಚ್ಚಿಡಿ

ಕೋಣೆಯ ಗೋಡೆಗೆ ಎರಡು ಹವಳಗುಲಾಬಿ ಬಣ್ಣಗಳಲ್ಲಿ ಯಾವುದನ್ನು ಬಳಿಸಬೇಕೆಂದು ತಿಳಿಯದೆ ವಾರದಿಂದ ಶೇಡ್ ಕಾರ್ಡ್ ಹಿಡಿದು ಕುಳಿತಿದ್ದೇನೆ ಎಂದಿದ್ದೀರಿ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನೂ ಹಾಗೆಯೇ ಕುಳಿತಿದ್ದೆ. ಅಮ್ಮ ಧಾರವಾಡ ಬಿಟ್ಟು ನಮ್ಮಲ್ಲಿಗೇ ಬರುವವರಿದ್ದರು. ಅವರ ಕೋಣೆ ಕಳೆಕಳೆಯಾಗಿರಲಿ ಎಂಬ ಆಸೆ.

ಕಾರ್ಡಿನಲ್ಲಿ ಒಂದು ತುಸು ಗಾಢ, ಇನ್ನೊಂದು ತುಸು ತಿಳಿ. ಪಕ್ಕಪಕ್ಕದಲ್ಲಿ ಹಿಡಿದಾಗ ತಿಳಿ ಬಣ್ಣದ್ದು ನೀರು ಬೆರೆಸಿದ ಹಾಗೆ ಸಪ್ಪೆಯಾಗಿ ಕಂಡಿತು. ಗಾಢವಾದದ್ದನ್ನೇ ಬಳಿಸಿದೆ. ತಪ್ಪಿದ್ದು ಇಲ್ಲೇ. ಅದು ಸಪ್ಪೆಯಾಗಿ ಕಂಡದ್ದು ಗಾಢವಾದದ್ದು ಪಕ್ಕದಲ್ಲಿ ಇದ್ದುದರಿಂದ. ಗೋಡೆಗೆ ಬಳಿದ ಮೇಲೆ ಆ ಇನ್ನೊಂದು ಅಲ್ಲಿರುವುದಿಲ್ಲವಲ್ಲ! ಇರುವುದು ನಾಲ್ಕು ಗೋಡೆ, ಒಂದು ಕಿಟಕಿ. ಈ ಗೋಡೆಯ ಬಣ್ಣ ಆ ಗೋಡೆಯ ಮೇಲೆ, ಆ ಗೋಡೆಯದು ಇದರ ಮೇಲೆ ಬಿದ್ದು, ಎರಡು ಬೆರಳಗಲದ ಕಾಗದದಲ್ಲಿ ಸೌಮ್ಯವಾಗಿದ್ದದ್ದು ಕೋಣೆಯಲ್ಲಿ ರಂಗೇರಿಬಿಡುತ್ತದೆ. ನಮ್ಮ ಕಿಟಕಿ ಪಡುವಣಕ್ಕೆ. ಸಂಜೆ ಐದಕ್ಕೆ ಬಿಸಿಲು ಒಳಬಂದರೆ ಅಮ್ಮನ ಬಿಳಿಯ ಹಾಸು ಕಾವಿ ಬಟ್ಟೆಯಂತೆ ಕಾಣುತ್ತಿತ್ತು. ಅವರು ಒಂದು ದಿನವೂ ದೂರಲಿಲ್ಲ. ಸಂಜೆಯಾದರೆ ಜಪಮಾಲೆ ಹಿಡಿದು ಹಾಲ್‌ಗೆ ಬಂದು ಕೂರುತ್ತಿದ್ದರು. ಯಾಕೆಂದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ಮತ್ತೆ ಪ್ರೈಮರ್, ಮತ್ತೆ ಎರಡು ಕೋಟ್, ಮತ್ತೆ ಕೂಲಿ.

ಹಾಗಾಗಿ ‘ಎರಡರಲ್ಲಿ ಯಾವುದು’ ಎಂದು ಕೇಳುವುದೇ ಸರಿಯಲ್ಲ. ಅವೆರಡರ ನಡುವಿನ ಅಂತರಕ್ಕಿಂತ ನಿಮ್ಮ ಬಲ್ಬು ತರುವ ಅಂತರ ದೊಡ್ಡದು. 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕಿನಲ್ಲಿ ಹವಳ ಕಿತ್ತಳೆಯತ್ತ ವಾಲುತ್ತದೆ. 6500ರ ಬಿಳಿ ಬೆಳಕಿನಲ್ಲಿ ಕಳೆಗುಂದುತ್ತದೆ. ತಿಳಿ ಬಣ್ಣವನ್ನು ಮಾತ್ರ ತಂದು, ಎರಡಡಿ ಅಗಲದ ರಟ್ಟಿಗೆ ಎರಡು ಸಲ ಬಳಿಯಿರಿ. ಪೂರ್ತಿ ಒಣಗಲಿ, ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ. ಆಮೇಲೆ ಅದನ್ನು ಗೋಡೆಯ ಮೂಲೆಗೆ ಆನಿಸಿಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ದೀಪ ಹಚ್ಚಿ ನೋಡಿ. ಇನ್ನೊಂದು ಛಾಯೆಯನ್ನು ಕಣ್ಣಿಗೆ ಬೀಳದಂತೆ ಬಚ್ಚಿಡಿ. ನಿಮ್ಮ ಕಿಟಕಿಯೂ ಪಡುವಣಕ್ಕಿದ್ದರೆ ಹವಳ ಒಂದೇ ಗೋಡೆಗೆ ಸಾಕು, ಉಳಿದ ಮೂರಕ್ಕೆ ಕೆನೆಬಿಳಿ. ಅಮ್ಮನ ಕೋಣೆ ಈಗ ಹಾಗೆಯೇ ಇದೆ, ಸಂಜೆಯ ಜಪ ಅಲ್ಲಿಯೇ ನಡೆಯುತ್ತದೆ.

ಗಣಪತಿ ಹಬ್ಬದೊಳಗೆ ಮುಗಿಸಬೇಕು ಎಂದೂ ಬರೆದಿದ್ದೀರಿ. ದಯವಿಟ್ಟು ಬೇಡ. ಮಳೆಗಾಲದಲ್ಲಿ ಮುಂಬೈಯ ಗೋಡೆಗಳು ಒಳಗೊಳಗೇ ತೇವ ಹಿಡಿದಿರುತ್ತವೆ, ಬಳಿದದ್ದು ಬೊಬ್ಬೆಯೆದ್ದು ಸುಲಿಯುತ್ತದೆ. ದಸರೆ ಕಳೆಯಲಿ, ದೀಪಾವಳಿಗೆ ಬಳಿಸಿ. ಅಲ್ಲಿಯವರೆಗೆ ರಟ್ಟು ಮೂಲೆಯಲ್ಲೇ ಇರಲಿ.