ಗದ್ದೆಯಲ್ಲಿ ಬೇರೆ ಥರ ಕಂಡ ಬುಡದಿಂದ ಹೊಸ ಭತ್ತದ ತಳಿ ಆಗುತ್ತಾ?

ಅಣ್ಣ, ಭತ್ತದ ಗದ್ದೆಯಲ್ಲಿ ನಾಲ್ಕೈದು ಬುಡ ಬೇರೆ ಥರ ಇವೆ, ತೆನೆ ಉದ್ದ, ಕಾಳು ಸಣ್ಣ, ಈಗ ಹಾಲುಗಾಳು, ಬೀಜಕ್ಕೆ ಇಟ್ಟರೆ ಹೊಸ ತಳಿ ಆಗುತ್ತಾ ಅಂತ ಕೇಳಿದ್ದೀರಿ. ಆಗಬಹುದು. ಆದರೆ ಇಲ್ಲಿ ಕೆಲವರು ಹೇಳಿದ ಹಾಗೆ ಎಲ್ಲಾ ತೆನೆ ಒಟ್ಟಿಗೆ ಬಡಿದು ಬಿತ್ತಬೇಡಿ. ಒಮ್ಮೆ ಬೆರೆಸಿದರೆ ಯಾವ ಬುಡದ ಸಂತಾನ ಯಾವುದು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಮೊದಲು ಆ ಬುಡಗಳು ನಿಂತಿರೋ ಜಾಗ ನೋಡಿ. ಬದುವಿನ ಪಕ್ಕ, ನೀರು ಬರೋ ಬಾಯಿ, ಅಕ್ಕಪಕ್ಕದ ಬುಡ ಸತ್ತು ಖಾಲಿ ಬಿದ್ದ ಜಾಗ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ, ಇಲ್ಲೆಲ್ಲ ಯಾವ ಪೈರಾದರೂ ಸೊಂಪಾಗೇ ಬರುತ್ತೆ. ಅದು ಬಿಸಿಲು, ಗೊಬ್ಬರದ ಗುಣ, ಬೀಜದ್ದಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸೆನ್ 1903ರಲ್ಲೇ ಇದನ್ನ ಬೀನ್ಸ್ ಬೆಳೆದು ತೋರಿಸಿದ್ದ. ಒಂದೇ ಗಿಡದಿಂದ ಬಂದ ಶುದ್ಧ ಸಂತಾನದ ದಪ್ಪ ಕಾಳು, ಸಣ್ಣ ಕಾಳು ಬೇರೆ ಬೇರೆ ಬಿತ್ತಿದರೂ ಮುಂದಿನ ಬೆಳೆಯಲ್ಲಿ ಸರಾಸರಿ ತೂಕ ಹೆಚ್ಚುಕಮ್ಮಿ ಒಂದೇ ಬಂತು. ಹಾಗಾಗಿ ಸುತ್ತಲೂ ಬುಡಗಳಿದ್ದು, ಅವುಗಳ ಜೊತೆ ಪೈಪೋಟಿ ಮಾಡಿಯೂ ಬೇರೆಯಾಗಿ ಕಾಣೋದನ್ನ ಮಾತ್ರ ಆರಿಸಿ. ತೆಂಡೆ, ಅಂದರೆ ಬುಡದಿಂದ ಒಡೆಯೋ ಕವಲು, ಎಷ್ಟು ಅನ್ನೋದು ಮಣ್ಣಿನ ಮೇಲೂ ಹೋಗುತ್ತೆ. ಕಾಳಿನ ಆಕಾರ, ಹೊಟ್ಟಿನ ಬಣ್ಣ, ಕಾಳಿನ ತುದಿಯಲ್ಲಿ ಮೀಸೆ ಇದೆಯೋ ಇಲ್ಲವೋ, ತೆನೆ ಬಿಚ್ಚಿದ ದಿನ, ಇವು ಅಷ್ಟು ಸುಲಭಕ್ಕೆ ಬದಲಾಗಲ್ಲ, ಇವನ್ನೇ ನಂಬಿ.

ಇನ್ನೊಂದು ಅನುಮಾನ ಇದ್ದೇ ಇರುತ್ತೆ: ಒಕ್ಕಣೆ ಮಿಷನ್‌ನಲ್ಲಿ ಬೇರೆಯವರ ಭತ್ತ ಉಳಿದು ನಿಮ್ಮ ಬೀಜಕ್ಕೆ ಸೇರಿರಬಹುದು. ಗದ್ದೆಯಲ್ಲಿ ಕಾಣೋ 'ಹೊಸ ತಳಿ'ಗಳಲ್ಲಿ ಬಹಳಷ್ಟು ಇಂಥವೇ ಅನ್ನೋದು ನನ್ನ ಅಭಿಪ್ರಾಯ.

ಕಟಾವಿಗೆ ಬಂದಾಗ ಒಂದೊಂದು ಬುಡವನ್ನೂ ಬೇರೆ ಕೊಯ್ದು, ಕೈಯಲ್ಲೇ ಉದುರಿಸಿ, ಚೆನ್ನಾಗಿ ಒಣಗಿಸಿ ಬೇರೆ ಬೇರೆ ಕಾಗದದ ಕವರಿಗೆ ಹಾಕಿ ನಂಬರ್ ಬರೆಯಿರಿ. ಮುಂದಿನ ಬೆಳೆಗೆ ಸಸಿಮಡಿಯೂ ಬೇರೆ ಬೇರೆ. ನಾಟಿ ಮಾಡುವಾಗ ಬುಡಕ್ಕೆ ಒಂದೇ ಸಸಿ, ಒಂದು ಕವರಿನದು ಒಂದು ಸಾಲು, ಪಕ್ಕದಲ್ಲಿ ತಾಯಿ ತಳಿಯದೂ, ಅಂದರೆ ಈಗ ಗದ್ದೆಯಲ್ಲಿರೋ ಮಾಮೂಲಿ ಭತ್ತದ್ದೂ, ಒಂದು ಸಾಲು. ಇದು ಗದ್ದೆಯ ನಡುವೆ ಇರಲಿ, ಗೊಬ್ಬರ ಎಲ್ಲದಕ್ಕೂ ಒಂದೇ ಸಮ. ಹೊಸದು ಅಂತ ಮುದ್ದು ಮಾಡಿ ಒಂದು ಹಿಡಿ ಯೂರಿಯಾ ಜಾಸ್ತಿ ಹಾಕಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಆಮೇಲೆ ಸಾಲು ನೋಡಿ, ಬುಡ ನೋಡಬೇಡಿ. ಕಳಪೆ ಸಾಲಿನಲ್ಲಿ ಒಂದು ಬುಡ ಭರ್ಜರಿಯಾಗಿ ಬಂದಿದ್ದರೂ ಬಿಡಿ. ಇಡೀ ಸಾಲೇ ಚೆನ್ನಾಗಿದ್ದರೆ ಅದರ ಸಾಧಾರಣ ಬುಡವೂ ಬೀಜಕ್ಕೆ ಯೋಗ್ಯ. ಕಷ್ಟ ಆಗೋದು ಇಲ್ಲೇ, ಕಣ್ಣು ದಪ್ಪ ತೆನೆ ಕಡೆಗೇ ಓಡುತ್ತೆ. ಬೆಂಕಿ ರೋಗ ಬಂದದ್ದು, ಗಾಳಿಗೆ ಮಲಗಿದ್ದು, ಕೊಯ್ಯೋ ಹೊತ್ತಿಗೆ ಉದುರಿದ್ದು, ಜೊಳ್ಳು ಜಾಸ್ತಿಯಾದದ್ದು, ಎಲ್ಲಾ ಸಾಲಿನ ಲೆಕ್ಕದಲ್ಲಿ ಬರೆದಿಡಿ.

ಒಂದೇ ಕವರಿನ ಸಾಲಿನಲ್ಲಿ ಕೆಲವು ಎತ್ತರ, ಕೆಲವು ಗಿಡ್ಡ, ಕಾಳೂ ಬೇರೆ ಬೇರೆ ಬಂದರೆ ಬೇಜಾರಾಗಬೇಡಿ, ಖುಷಿಪಡಿ. ಭತ್ತ ತನ್ನದೇ ಪರಾಗದಿಂದ ಕಾಳು ಕಟ್ಟೋ ಬೆಳೆ, ಆದರೂ ಅಪರೂಪಕ್ಕೆ ಅಡ್ಡ ಪರಾಗ ಬೀಳುತ್ತೆ. ನಿಮಗೆ ಸಿಕ್ಕಿದ್ದು ಅಂಥದ್ದಿರಬಹುದು, ಆರಿಸೋಕೆ ನಿಜವಾದ ಅವಕಾಶ ಅಲ್ಲಿದೆ. ಆಗ ಆ ಸಾಲಿನೊಳಗೆ ಬುಡ ಆರಿಸಿ, ಮತ್ತೆ ಒಂದೊಂದಕ್ಕೆ ಒಂದು ಸಾಲು. ಪ್ರತಿ ಪೀಳಿಗೆಗೆ ಅಡ್ಡ ಪರಾಗದಿಂದ ಬಂದ ಬೆರಕೆ ಗುಣ ಅರ್ಧಕ್ಕಿಳಿಯುತ್ತೆ, ಐದು ಪೀಳಿಗೆ ಕಳೆದರೆ ಶೇ. 3ರಷ್ಟು ಉಳಿದೀತು. ಅಲ್ಲಿಯವರೆಗೆ ಯಾರಿಗೂ ಬೀಜ ಹಂಚಬೇಡಿ.

ಇದೆಲ್ಲ ಓದಿದವರ ಕೆಲಸ ಅಂದವರಿಗೆ ಒಂದು ಮಾತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ಶಾಲೆಗೆ ಹೋಗಿದ್ದು ಮೂರನೇ ತರಗತಿವರೆಗೆ. 1983ರಲ್ಲಿ ಪಟೇಲ್-3 ಭತ್ತದ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವೇ ತೆನೆ ಎತ್ತಿಟ್ಟು, ವರ್ಷ ವರ್ಷ ಬೇರೆಯಾಗಿ ಬೆಳೆಸಿದರು. ಅದೇ ಎಚ್‌ಎಂಟಿ ಭತ್ತ. ಹೆಸರು ಆಗ ಜನಪ್ರಿಯವಾಗಿದ್ದ ಎಚ್‌ಎಂಟಿ ವಾಚಿನದು. ತಳಿ ಊರೂರು ಹಬ್ಬಿತು, ಅವರಿಗೆ ದುಡ್ಡು ಸಿಕ್ಕಿದ್ದು ಅಷ್ಟಕ್ಕಷ್ಟೇ. 2018ರಲ್ಲಿ ತೀರಿಕೊಂಡರು. ಈಗ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ, ರೈತರ ತಳಿಯನ್ನೂ ನೋಂದಾಯಿಸಬಹುದು. ತಳಿ ಬೇರೆ ತಳಿಗಳಿಗಿಂತ ಭಿನ್ನ, ಒಂದೇ ಸಮ, ಸ್ಥಿರ ಅಂತ ಅಲ್ಲಿ ತೋರಿಸಬೇಕು. ನೀವು ಸಾಲುಗಳ ಲೆಕ್ಕ ಬರೆದ ಪುಸ್ತಕ ಆಗ ಕೆಲಸಕ್ಕೆ ಬರುತ್ತೆ.

ಮೆಕ್ಕೆಜೋಳಕ್ಕೂ ಹೀಗೇ ಮಾಡಬಹುದಾ ಅಂತ ಇನ್ನೊಬ್ಬರು ಕೇಳಿದ್ದರು. ಬೇಡ. ಅದರ ಪರಾಗ ಗಾಳಿಯಲ್ಲಿ ಹಾರುತ್ತೆ, ಒಂದೆರಡು ಗಿಡದಿಂದ ಬೀಜ ಮಾಡಿದರೆ ಬೆಳೆ ಸೊರಗುತ್ತೆ. ಅದರ ಕ್ರಮವೇ ಬೇರೆ.

ಈ ವಾರ ಮಾಡೋದು ಇಷ್ಟೇ: ಆ ಬುಡಗಳಿಗೆ ಬಣ್ಣದ ದಾರ ಕಟ್ಟಿ, ಹಕ್ಕಿ ಕಾಟ ಇದ್ದರೆ ಬಲೆ ಹಾಕಿ, ಕೊಯ್ಲಿಗೆ ಬರೋರಿಗೆ ಮೊದಲೇ ಹೇಳಿಡಿ. ಆ ತೆನೆ, ಪಕ್ಕದ ಮಾಮೂಲಿ ತೆನೆ ಎರಡನ್ನೂ ಜೋಡಿಸಿ ಒಂದೇ ಫೋಟೋದಲ್ಲಿ ಹಾಕಿ, ಕಾಳಿನ ತುದಿ ಕಾಣಲಿ. ಬೇರೆ ಗೊತ್ತಿರೋ ತಳಿಯ ಬೆರಕೆ ಆಗಿದ್ದರೆ ಇಲ್ಲಿರೋ ಹಿರಿಯರು ಗುರುತು ಹಿಡೀತಾರೆ.