ವಿಡೋಸ್ ಕಿಸ್ ಮನೆಯಲ್ಲಿ ಮಾಡಿದರೆ ಅಷ್ಟು ಸಿಹಿ ಯಾಕೆ?

ಪ್ರಶ್ನೆ: ಇಲ್ಲಿನ ಬಾರ್ ಒಂದರಲ್ಲಿ ವಿಡೋಸ್ ಕಿಸ್ ಕಾಕ್‌ಟೇಲ್ ಕುಡಿದೆ, ತುಂಬಾ ಹಿಡಿಸಿತು. ಮನೆಯಲ್ಲಿ ಆ್ಯಪಲ್‌ಜ್ಯಾಕ್ (ಅಮೆರಿಕದ ಸೇಬಿನ ಬ್ರಾಂದಿ), ಜೊತೆಗೆ ಬೆನೆಡಿಕ್ಟೀನ್, ಹಳದಿ ಶಾರ್ಟ್ರೂಸ್ ಎಂಬ ಎರಡು ಲಿಕ್ಯೂರ್ (ಗಿಡಮೂಲಿಕೆಯ ಸಿಹಿ ಮದ್ಯ) ಬೆರೆಸಿ ಮಾಡಿದರೆ ಕೆಮ್ಮಿನ ಸಿರಪ್ ಥರ ಆಯಿತು. ನಿಂಬೆರಸ ಹಾಕಲಾ? ಹಳದಿ ಬದಲು ಹಸಿರು ಶಾರ್ಟ್ರೂಸ್ ನಡೆಯುತ್ತಾ? ಇದರ ಇತಿಹಾಸವನ್ನೂ ತಿಳಿಸಿ.
– ಓದುಗರು, ನ್ಯೂಜೆರ್ಸಿ

ಉತ್ತರ: ನಿಂಬೆ ಬೇಡ. ಹುಳಿ ಬಿದ್ದರೆ ಅದು ಬೇರೆಯೇ ಡ್ರಿಂಕ್ ಆಗಿಬಿಡುತ್ತದೆ. ನೀವು ಮೊದಲು ಬದಲಿಸಬೇಕಾದ್ದು ಬ್ರಾಂದಿಯನ್ನು, ಆಮೇಲೆ ಅಳತೆಯನ್ನು.

ಈ ಕಾಕ್‌ಟೇಲ್ 1895ರಲ್ಲಿ ಜಾರ್ಜ್ ಕ್ಯಾಪ್ಲರ್ ಅವರ ‘ಮಾಡರ್ನ್ ಅಮೆರಿಕನ್ ಡ್ರಿಂಕ್ಸ್’ ಪುಸ್ತಕದಲ್ಲಿ ಅಚ್ಚಾಯಿತು. ಅವರು ನ್ಯೂಯಾರ್ಕಿನ ಹಾಲೆಂಡ್ ಹೌಸ್ ಹೋಟೆಲಿನ ಬಾರ್‌ನಲ್ಲಿದ್ದವರು. ಅವರ ಲೆಕ್ಕ ಹೀಗೆ: ಸೇಬಿನ ಬ್ರಾಂದಿ ಒಂದು ಪೋನಿ, ಅಂದರೆ ಸುಮಾರು 30 ಮಿಲಿ. ಬೆನೆಡಿಕ್ಟೀನ್ ಅರ್ಧ ಪೋನಿ, ಹಳದಿ ಶಾರ್ಟ್ರೂಸ್ ಅರ್ಧ ಪೋನಿ. ಜೊತೆಗೆ ಎರಡು ಡ್ಯಾಶ್ ಅಂಗೋಸ್ಟುರಾ ಬಿಟರ್ಸ್, ಅಂದರೆ ಹನಿಗಳಲ್ಲಿ ಹಾಕುವ ಕಹಿ ಸಾರ. ನೋಡಿ, ಬ್ರಾಂದಿ ಎಷ್ಟೋ ಲಿಕ್ಯೂರ್‌ಗಳೂ ಸೇರಿ ಅಷ್ಟೇ. ಆ ಎರಡರಲ್ಲೂ ಸಕ್ಕರೆ ಇರುತ್ತದೆ. ಬ್ರಾಂದಿ ಗಟ್ಟಿಯಾಗಿಲ್ಲದಿದ್ದರೆ ಸಿಹಿಯೇ ಮೇಲುಗೈ.

ಅಂಗಡಿಯಲ್ಲಿ ಸಿಗುವ ಆ್ಯಪಲ್‌ಜ್ಯಾಕ್ ಎಷ್ಟೋ ಸಲ ಬ್ಲೆಂಡ್ ಮಾಡಿದ್ದು. ಅದರಲ್ಲಿ ಧಾನ್ಯದ ಸ್ಪಿರಿಟ್ಟೇ ಜಾಸ್ತಿ, ಸೇಬಿನದು ಕಡಿಮೆ. ಲೇಬಲ್ ಓದಿ, ಪೂರ್ತಿ ಸೇಬಿನ ಬ್ರಾಂದಿಯನ್ನೇ ತನ್ನಿ. ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಆಲ್ಕೋಹಾಲ್ ಶೇ 50. ನಿಮ್ಮ ರಾಜ್ಯದ್ದೇ ಲೇರ್ಡ್ ಕಂಪನಿಗೆ 1780ರಿಂದ ಇದೇ ಕಸುಬು. ಈಗ ಎಷ್ಟೋ ಜನ ಫ್ರಾನ್ಸಿನ ನಾರ್ಮಂಡಿಯ ಸೇಬಿನ ಬ್ರಾಂದಿ ಕಾಲ್ವಡೋಸ್ ಹಾಕುತ್ತಾರೆ. ಅದೂ ಸೊಗಸೇ. ಆದರೆ ಕ್ಯಾಪ್ಲರ್ ಬರೆದದ್ದು ಬರೀ ‘ಸೇಬಿನ ಬ್ರಾಂದಿ’ ಎಂದು. ನನಗಂತೂ ಅಮೆರಿಕದ್ದರ ಒರಟುತನವೇ ಇಲ್ಲಿ ಒಗ್ಗುತ್ತದೆ.

ಲಿಕ್ಯೂರ್‌ಗಳ ಕಥೆ ಇನ್ನೂ ಹಳೆಯದು. ಶಾರ್ಟ್ರೂಸ್ ಅನ್ನು ಫ್ರಾನ್ಸಿನ ಗ್ರೆನೋಬಲ್ ಬಳಿಯ ಬೆಟ್ಟದ ಮಠದ ಕಾರ್ತೂಸಿಯನ್ ಸನ್ಯಾಸಿಗಳು 130 ಬಗೆಯ ಗಿಡಮೂಲಿಕೆಗಳಿಂದ ಮಾಡುತ್ತಾರೆ. 1605ರಲ್ಲಿ ಅವರ ಕೈಸೇರಿದ ಹಸ್ತಪ್ರತಿಯೇ ಅದಕ್ಕೆ ಮೂಲ. ಹಳದಿಯದು ಬಂದದ್ದು 1840ರ ಹೊತ್ತಿಗೆ. ಉತ್ಪಾದನೆ ಹೆಚ್ಚಿಸುವುದಿಲ್ಲ, ಪ್ರಾರ್ಥನೆಗೆ ಸಮಯ ಬೇಕು ಎಂದು ಸನ್ಯಾಸಿಗಳು ತೀರ್ಮಾನಿಸಿದ ಸುದ್ದಿ 2023ರಲ್ಲಿ ಹೊರಬಂತು. ಹಾಗಾಗಿ ಬಾಟಲಿ ಸಿಗುವುದೇ ಕಷ್ಟ, ನಿಮ್ಮಲ್ಲಿರುವುದನ್ನು ಹುಷಾರಾಗಿ ಬಳಸಿ. ಬೆನೆಡಿಕ್ಟೀನ್‌ಗೆ ಸನ್ಯಾಸಿಗಳ ಹೆಸರಿದ್ದರೂ ಅದನ್ನು 1863ರಲ್ಲಿ ತಯಾರಿಸಿದ್ದು ಫೆಕಾಂ ಊರಿನ ವೈನ್ ವ್ಯಾಪಾರಿ ಅಲೆಕ್ಸಾಂಡ್ರ್ ಲ ಗ್ರಾಂ.

ಈಗ ಅಳತೆ. ಬ್ರಾಂದಿ 60 ಮಿಲಿ, ಎರಡು ಲಿಕ್ಯೂರ್‌ಗಳು ತಲಾ 15 ಮಿಲಿ, ಅಂಗೋಸ್ಟುರಾ ಎರಡು ಸಲ ಜಾಡಿಸಿದಷ್ಟು. ಆಗಲೂ ಸಿಹಿ ಅನ್ನಿಸಿದರೆ ಲಿಕ್ಯೂರ್ ತಲಾ 10 ಮಿಲಿಗೆ ಇಳಿಸಿ. ಕ್ಯಾಪ್ಲರ್ ಕುಲುಕಿ ಎಂದಿದ್ದರು. ಆದರೆ ಇದರಲ್ಲಿ ಹಣ್ಣಿನ ರಸ ಇಲ್ಲ, ಚಮಚದಿಂದ ಕಲಕಿದರೆ ಸಾಕು. ದೊಡ್ಡ ಐಸ್ ತುಂಡುಗಳ ಜೊತೆ ಅರ್ಧ ನಿಮಿಷ ಕಲಕಿ. ಅವಸರ ಬೇಡ. ಕರಗಿದ ಆ ನೀರೇ ಸಿಹಿಯನ್ನೂ ಖಾರವನ್ನೂ ತಗ್ಗಿಸುವುದು.

ಹಸಿರು ಹಾಕಬಹುದು. ಆದರೆ ಅದು ಶೇ 55 ಆಲ್ಕೋಹಾಲ್ ಇರುವ ಜೋರು ಮಾಲು, ಸೇಬಿನ ಪರಿಮಳವನ್ನು ನುಂಗಿಬಿಡುತ್ತದೆ. 5 ಮಿಲಿಯಿಂದ ಶುರು ಮಾಡಿ, ರುಚಿ ನೋಡಿ ಏರಿಸಿ. ಹೇಗೇ ಮಾಡಿದರೂ ಇದು ಸ್ಟ್ರಾಂಗ್ ಡ್ರಿಂಕ್. ಊಟ ಮುಗಿಸಿ, ಒಂದೇ ಗ್ಲಾಸ್, ನಿಧಾನಕ್ಕೆ ಕುಡಿಯಿರಿ.