ಶುಂಠಿ ಗದ್ದೆ ಪಕ್ಕದ ದೇವಸ್ಥಾನ: ಬಿಳಿ ಪುಡಿಗೆ ಸಿಮೆಂಟ್ ಬೇಡ

ಹಳೇಬೀಡಿನ ಹತ್ತಿರ ನಿಮ್ಮೂರ ಹೊಯ್ಸಳ ಗುಡಿಯ ಪಕ್ಕ ಶುಂಠಿ ಹಾಕಿದ ಮೇಲೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಬರುತ್ತಿದೆ, ಸಿಮೆಂಟ್ ಬಳಿಯಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಬಳಿಯಬೇಡಿ.

ಅದು ಉಪ್ಪು, ಶುಂಠಿಗೆ ಹಾಕುವ ಗೊಬ್ಬರದಿಂದಲೂ ಬರುತ್ತದೆ. ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತದೆ, ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ಕೋಳಿಗೊಬ್ಬರವೂ ಕಡಿಮೆಯಿಲ್ಲ. ಹೊಯ್ಸಳ ಗುಡಿಗಳನ್ನು ಕಟ್ಟಿದ ಬಳಪದ ಕಲ್ಲು ತಾನಾಗಿ ಹೆಚ್ಚು ನೀರು ಹೀರುವುದಿಲ್ಲ. ಆದರೆ ಪದರದ ಬಿರುಕು, ಕಲ್ಲುಗಳ ಸಂದು, ಗೋಡೆಯೊಳಗೆ ತುಂಬಿದ ಮಣ್ಣು ಇವುಗಳ ಮೂಲಕ ತೇವ ಏರುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಉಪ್ಪು ಹರಳುಗಟ್ಟಿ ಕಲ್ಲನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸಿಮೆಂಟ್ ಬಳಿದರೆ ತೇವ ಇನ್ನೂ ಮೇಲೆ, ನೇರ ಕೆತ್ತನೆಗೇ ಹೋಗುತ್ತದೆ. ಹಿಂದೆ ಯಾರಾದರೂ ಸಂದಿಗೆ ಸಿಮೆಂಟ್ ತುಂಬಿದ್ದರೆ ಅದರಿಂದಲೂ ಉಪ್ಪು ಬರುತ್ತದೆ, ಶುಂಠಿಯೊಂದನ್ನೇ ದೂರಬೇಡಿ.

ಗೋಡೆ ತೊಳೆಯಲೂಬೇಡಿ, ಉಪ್ಪು ಕರಗಿ ಮತ್ತೆ ಒಳಗಿಳಿಯುತ್ತದೆ. ತೇವದ ಗೆರೆ ನೆಲದಿಂದ ಎಷ್ಟು ಎತ್ತರ ಅಂತ ಟೇಪಿನಲ್ಲಿ ಅಳೆದು, ಮಳೆಗಾಲಕ್ಕೂ ಬೇಸಿಗೆಗೂ ದಿನಾಂಕ ಸಮೇತ ಫೋಟೊ ಇಡಿ. ಗದ್ದೆಯವರ ಜೊತೆ ಮಾತಾಡಿ ಗುಡಿ ಕಡೆಯ ಪಾತಿಗಳಿಗೆ ಡ್ರಿಪ್ ಹಾಕಿಸಿ, ಬಸಿಗಾಲುವೆಯ ಇಳಿಜಾರು ಗುಡಿಯಿಂದ ಆಚೆಗೆ ತಿರುಗಲಿ. ಆದರೆ ಅಡಿಪಾಯದ ಪಕ್ಕದಲ್ಲೇ ಕಾಲುವೆ ತೋಡಿದರೆ ಮಣ್ಣು ಸಡಿಲಾಗಿ ಗೋಡೆ ವಾಲಬಹುದು. ಅಗೆತದಲ್ಲಿ ಮಡಕೆ ಚೂರು, ಇಟ್ಟಿಗೆ ಸಾಲು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಿ.

ಅಂದ ಹಾಗೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ ಕಟ್ಟಡ, ಗಣಿಗಾರಿಕೆಗೆ. ಅದನ್ನು ತೋರಿಸಿ ರೈತರನ್ನು ಹೆದರಿಸಬೇಡಿ.